ಬಾರ್ ಪರೀಕ್ಷೆಗೆ ಓದಿದ್ದು, ಕೋರ್ಟಿನಲ್ಲಿ ನೆನಪಾದದ್ದು

ಐದು ವರ್ಷ ಎಲ್‌ಎಲ್‌ಬಿ ಓದಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಕಪ್ಪು ಕೋಟನ್ನೂ ಹೊಲಿಸಿಕೊಂಡಿದ್ದೆ. ಆಮೇಲೂ ವಕಾಲತ್ತು ಮುಂದುವರಿಸಲು ಎಐಬಿಇ (ಅಖಿಲ ಭಾರತ ಬಾರ್ ಪರೀಕ್ಷೆ) ಅಂತ ಇನ್ನೊಂದು ಪರೀಕ್ಷೆ! ನನಗೆ ಸಿಟ್ಟೇ ಬಂದಿತ್ತು. ನನ್ನ ಸೀನಿಯರ್ ತೊಂಬತ್ತರ ದಶಕದವರು, ಅವರಿಗೆ ಈ ಕಾಟ ಇರಲಿಲ್ಲ. "ಎರಡು ವರ್ಷದೊಳಗೆ ಪಾಸಾಗಬೇಕಂತೆ ತಾನೆ, ಸುಮ್ನೆ ಓದು" ಅಂದರು.

ಕಾಲೇಜಿನಲ್ಲಿ ನಾನು ಓದಿದ್ದೆಲ್ಲ ಗೈಡ್. ಪರೀಕ್ಷೆಗೆ ಒಯ್ಯಬಹುದಾಗಿದ್ದು ಟಿಪ್ಪಣಿಯಿಲ್ಲದ ಬೇರ್ ಆಕ್ಟ್, ಅಂದರೆ ಕಾನೂನಿನ ಮೂಲ ಪಠ್ಯ ಮಾತ್ರ. 100 ಪ್ರಶ್ನೆಗೆ ಮೂರೂವರೆ ಗಂಟೆ, ಅಂದರೆ ಒಂದಕ್ಕೆ ಎರಡೇ ನಿಮಿಷ. ಯಾವುದು ಎಲ್ಲಿದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಪುಸ್ತಕ ಕೈಯಲ್ಲಿದ್ದೂ ಸುಖವಿಲ್ಲ. ಹಾಗಾಗಿ ಎರಡು ತಿಂಗಳು, ಆಫೀಸು ಮುಗಿದ ಮೇಲೆ, ಸಿಪಿಸಿಯನ್ನು, ಅಂದರೆ ಸಿವಿಲ್ ದಾವೆ ನಡೆಸುವ ವಿಧಾನದ ಕಾನೂನನ್ನು, ಆರ್ಡರ್ ಆರ್ಡರ್ ಆಗಿ ಓದಿದೆ (ಅದರ ನಿಯಮಗಳ ಅಧ್ಯಾಯಗಳಿಗೆ ಆರ್ಡರ್ ಅಂತಾರೆ, ಒಳಗಿನ ನಿಯಮಕ್ಕೆ ರೂಲ್). ಹತ್ತು ಅಂಕ ಅದಕ್ಕೇ ಇತ್ತು.

ಬರೆದದ್ದು 2021ರ ಅಕ್ಟೋಬರ್ 31ರಂದು, ಬೆಂಗಳೂರಿನಲ್ಲಿ. ಪುನೀತ್ ರಾಜ್‌ಕುಮಾರ್ ಅಂತ್ಯಸಂಸ್ಕಾರದ ದಿನ. ತುಮಕೂರಿನಿಂದ ಹೊರಟ ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಮಡಿಲಲ್ಲಿದ್ದ ಪುಸ್ತಕ ತೆರೆಯಲು ಮನಸ್ಸೇ ಬರಲಿಲ್ಲ. ಆಗ 40 ಬಂದರೆ ಪಾಸು, ನೆಗೆಟಿವ್ ಮಾರ್ಕಿಂಗ್ ಇಲ್ಲ. ಹೇಗೋ ಪಾಸಾದೆ. ಈಗ ಸಾಮಾನ್ಯ ವರ್ಗಕ್ಕೆ 45 ಬೇಕು.

ಜಡ್ಜ್ ಸಾಹೇಬರ ಮುಂದೆ ನಿಂತು ಮುಂದಿನ ವಿಚಾರಣೆಗೆ ಒಂದು ತಾರೀಕು ಕೇಳುವುದನ್ನು ಈ ಪರೀಕ್ಷೆ ಕಲಿಸುವುದಿಲ್ಲ. ಮೊದಲ ಸಲ ನನ್ನ ಕಾಲು ನಡುಗಿತ್ತು. 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಪರೀಕ್ಷೆಯನ್ನು ಎತ್ತಿಹಿಡಿದಾಗ ಕೂಡ ನಾನು ಗೊಣಗಿದ್ದೆ.

ಅದಾದ ಕೆಲವು ತಿಂಗಳಿಗೆ ಒಬ್ಬ ರೈತರು ಬಂದರು. ಅವರ ಜಮೀನಿನ ದಾವೆ ಗೈರುಹಾಜರಿಗೆ ವಜಾ ಆಗಿತ್ತು. ಮತ್ತೆ ನಡೆಸಲು ಅರ್ಜಿ ಹಾಕಬೇಕು. ಆಫೀಸಿನ ಹಳೇ ನಮೂನೆಯಲ್ಲಿ ಆರ್ಡರ್ 9 ರೂಲ್ 9 ಅಂತಿತ್ತು, ಅದನ್ನೇ ಟೈಪ್ ಮಾಡಿಸಿದ್ದೆ. ಸಹಿಗೆ ಮುಂಚೆ ಏನೋ ಅನುಮಾನ ಬಂದು ಆರ್ಡರ್ ಶೀಟ್ (ಕೋರ್ಟಿನಲ್ಲಿ ಆಯಾ ದಿನ ಆದದ್ದರ ದಾಖಲೆ) ನೋಡಿದರೆ, ಆ ದಿನ ಪ್ರತಿವಾದಿಯೂ ಬಂದಿರಲಿಲ್ಲ! ಇಬ್ಬರೂ ಬರದಿದ್ದರೆ ಅದು ರೂಲ್ 4. ಕಾಲಮಿತಿ ಮುಗಿಯದಿದ್ದರೆ ಹೊಸ ದಾವೆ ಹೂಡುವ ದಾರಿಯೂ ಅಲ್ಲಿ ಉಳಿಯುತ್ತದೆ. ವಾದಿ ಮಾತ್ರ ಬರದೆ ವಜಾ ಆಗಿದ್ದರೆ ರೂಲ್ 9, ಅಲ್ಲಿ ಆ ದಾರಿ ಇಲ್ಲ. ಪರೀಕ್ಷೆಗೆ ಓದುವಾಗ ಪೆನ್ಸಿಲಿನಲ್ಲಿ ಗೆರೆ ಎಳೆದು, ಆಮೇಲೆ ಹಾಲ್‌ನಲ್ಲಿ ಬಿಡುವುದಿಲ್ಲವೆಂದು ಅಳಿಸಿದ್ದ ಪುಟ ಅದು.

ಒಳ್ಳೆ ವಕೀಲರು ಯಾರು ಅಂತ ಈ ಪರೀಕ್ಷೆ ಆರಿಸುವುದಿಲ್ಲ, ಅದು ನಿಜ. ಆದರೆ ಆ ರೈತರಿಗೆ ರೂಲ್ 4, ರೂಲ್ 9 ಗೊತ್ತಿರಬೇಕಾಗಿಲ್ಲ, ನನಗೆ ಗೊತ್ತಿರಬೇಕು ಅಲ್ವಾ?

ಸೀನಿಯರ್ ಮುಂದೆ ಪುಟ ತೆರೆದಿಟ್ಟೆ. ಕನ್ನಡಕ ಏರಿಸಿ ಓದಿದರು. "ನಮೂನೇನೂ ತಿದ್ದಿಡು" ಅಂದರು.