ಓಲ್ಮೆಕ್ ಬೋಗುಣಿಯ ಮೇಲಿನ ದೇವರನ್ನು ಗುರುತಿಸುವುದು ಹೇಗೆ

ಓಲ್ಮೆಕ್ ಅಂದರೆ ಮೆಕ್ಸಿಕೋದ ಬಹಳ ಹಳೆಯ ನಾಗರಿಕತೆ. ಅವರ ಬೋಗುಣಿಯ ಮೇಲೆ ಗೀರಿದ ದೇವರ ಮುಖದಲ್ಲಿ ಮೊದಲು ಹುಬ್ಬು ಹುಡುಕಿ. ಬಾಯಿ, ಹಲ್ಲು ಎಲ್ಲ ಆಮೇಲೆ.

ಮೆಕ್ಸಿಕೋ ನಗರದ ಮಾನವಶಾಸ್ತ್ರ ಮ್ಯೂಸಿಯಂನಲ್ಲಿ ಇಂಥದ್ದೊಂದು ಕಪ್ಪು ಬೋಗುಣಿಯ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ಬರೀ ಗೀರುಗಳೇ ಕಂಡವು. ಆಮೇಲೆ ಮೇಲಕ್ಕೆ ಚಿಮ್ಮುವ ಮೂರು ನಾಲ್ಕು ಬೆಂಕಿ ನಾಲಿಗೆ ಕಣ್ಣಿಗೆ ಬಿತ್ತು. ಅದೇ ಹುಬ್ಬು! ಅದು ಸಿಕ್ಕಿದ ಕೂಡಲೇ ಇಡೀ ಮುಖ ಎದ್ದು ಬಂತು.

ಹುಬ್ಬಿನ ಕೆಳಗೆ ಕಣ್ಣು, ಅದರ ಕೆಳಗೆ ಮೇಲಿನ ವಸಡು. ಪಕ್ಕದಲ್ಲಿ ಕೈಯೋ, ಪಂಜವೋ, ರೆಕ್ಕೆಯೋ ಅನ್ನಿಸುವ ಆಕಾರ ಇರಬಹುದು. ಮೂರರಲ್ಲಿ ಒಂದನ್ನೇ ಆರಿಸಬೇಡಿ, ಮೂರೂ ಹೌದು. ಮೊಸಳೆ, ಹಕ್ಕಿ, ಜಾಗ್ವಾರ್ ಬೆರೆತ ಈ ಜೀವಿಯನ್ನು ವಿದ್ವಾಂಸರು ಓಲ್ಮೆಕ್ ಡ್ರ್ಯಾಗನ್ ಅಂತಾರೆ. ನೆಲವೇ ಅದರ ಮೈ ಅನ್ನೋದು ಹಲವರ ಓದು. ನನಗೂ ಅದೇ ಸರಿ ಅನ್ನಿಸುತ್ತದೆ. ನೆತ್ತಿ ಸೀಳಿದ್ದರೆ ನೆಲ ಸೀಳಿ ಬರುವ ಮೆಕ್ಕೆಜೋಳದ ಮೊಳಕೆ ನೆನಪಿಸಿಕೊಳ್ಳಿ.

ಚಿತ್ರ ಬೋಗುಣಿಯ ಸುತ್ತ ಬಾಗಿರುತ್ತದೆ, ಒಂದೇ ಫೋಟೋ ಸಾಲದು. ಸುತ್ತಲಿಂದ ತೆಗೆದು ಜೋಡಿಸಿ, ಪೆನ್ಸಿಲ್‌ನಲ್ಲಿ ನಕಲು ಮಾಡಿ. ಕೈ ಆಡಿದಾಗಲೇ ಗೀರಿನ ದಾರಿ ಗೊತ್ತಾಗೋದು. ಗೀರಿನೊಳಗೆ ಕೆಂಪು ಪುಡಿ ಉಳಿದಿದೆಯಾ ನೋಡಿ. ಎಷ್ಟೋ ಪಾತ್ರೆಗಳಿಗೆ ಅದನ್ನು ಉಜ್ಜಿ ತುಂಬುತ್ತಿದ್ದರು.

ಕೊನೆಗೆ, ಪಾತ್ರೆ ಯಾವ ಊರಲ್ಲಿ ಸಿಕ್ಕಿತು ಅನ್ನೋದನ್ನು ಓದಿ. ಮೆಕ್ಸಿಕೋದ ವೆರಾಕ್ರೂಜ್ ರಾಜ್ಯದ ಓಲ್ಮೆಕ್ ನೆಲೆ ಸ್ಯಾನ್ ಲೊರೆಂಜೊದಲ್ಲಿ ಪುರಾತತ್ವಜ್ಞರಾದ ಮೈಕೆಲ್ ಕೋ, ರಿಚರ್ಡ್ ಡೀಲ್ 1966ರಿಂದ 1968ರವರೆಗೆ ಅಗೆದಾಗ ಕೆತ್ತಿದ ಚೂರುಗಳು ಮಣ್ಣಿನ ಪದರದ ಸಮೇತ ಸಿಕ್ಕವು. ಊರೇ ಗೊತ್ತಿಲ್ಲದ ಪಾತ್ರೆ ಎಷ್ಟೇ ಚೆಂದವಿದ್ದರೂ ಜಾಸ್ತಿ ನಂಬಬೇಡಿ.