ಲಾಭ ನೋಡುವ ಮೊದಲು ಕೈಯಲ್ಲಿರುವ ಹಣ ನೋಡಿ

ಹೊಸದಾಗಿ ವ್ಯಾಪಾರ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ. ಇವತ್ತು ಸರಕು ಕೊಟ್ಟು ಬಿಲ್ ಬರೆದರೆ ಲೆಕ್ಕದಲ್ಲಿ ಲಾಭ ಕಾಣುತ್ತದೆ. ಆದರೆ ಗ್ರಾಹಕರು ದುಡ್ಡು ಕೊಡುವುದು 60 ದಿನಕ್ಕೆ, ನೀವು ಸರಕು ತಂದ ಕಡೆ ಕೊಡಬೇಕಾದ್ದು 30 ದಿನಕ್ಕೆ. ನಡುವಿನ ಸಂಬಳ, ಬಾಡಿಗೆಗೆ ಏನು ಮಾಡುತ್ತೀರಿ? ವ್ಯಾಪಾರ ಜೋರಾದಷ್ಟೂ ಈ ಕೊರತೆ ಜಾಸ್ತಿಯಾಗುತ್ತದೆ. ಕೈತುಂಬ ಆರ್ಡರ್ ಇದ್ದವರೂ ಎಡವುವುದು ಇಲ್ಲೇ.

ಅದಕ್ಕೇ ನಾನು ಪ್ರತಿ ಸೋಮವಾರ ಒಂದು ಹಾಳೆ ತೆಗೆಯುತ್ತೇನೆ. ಮುಂದಿನ 13 ವಾರಕ್ಕೆ 13 ಸಾಲು. ಬರುವುದೆಷ್ಟು, ಹೋಗುವುದೆಷ್ಟು, ಉಳಿಯುವುದೆಷ್ಟು. ಗ್ರಾಹಕರು ಹೇಳಿದ ತಾರೀಖು ನಂಬಬೇಡಿ, ಹಿಂದೆ ನಿಜವಾಗಿ ಕೊಟ್ಟ ರೂಢಿ ನೋಡಿ ಬರೆಯಿರಿ. ಒಂಬತ್ತನೇ ವಾರ ಹಣ ಸಾಲದು ಅಂತ ಈಗಲೇ ಗೊತ್ತಾದರೆ ಮುಂಗಡ ಕೇಳಬಹುದು, ಖರೀದಿ ಮುಂದೂಡಬಹುದು, ಅಲ್ವಾ?

ಮನೆಯ ಖಾತೆ, ವ್ಯಾಪಾರದ ಖಾತೆ ಬೇರೆ ಬೇರೆ ಇರಲಿ. ಅದರಲ್ಲಿ ಚರ್ಚೆಯೇ ಬೇಡ.

ರಿಯಾಯಿತಿಗೂ ಮುಂಚೆ ಲೆಕ್ಕ ಹಾಕಿ. ನೂರಕ್ಕೆ 30 ಉಳಿಯುವ ಸರಕಿನ ಬೆಲೆಯಲ್ಲಿ 10 ಇಳಿಸಿದರೆ, ಅಷ್ಟೇ ದುಡ್ಡು ಉಳಿಯಲು ಒಂದೂವರೆ ಪಟ್ಟು ಮಾರಬೇಕು. ಸುಮ್ನೆ ಎಲ್ಲರಿಗೂ ಇಳಿಸುವ ಬದಲು, ಬೇಗ ಹಣ ಕೊಡುವವರಿಗೆ ಮಾತ್ರ ಇಳಿಸಿ.