ಗೈಡರ್ ಇಲ್ದೆ ಒಮೆಗಾ ಸೆಂಟಾರಿ ಹಿಡಿದಿದ್ದು: ನನ್ನ ಅನುಭವ

ಮೈಸೂರಿನ ತಾರಸಿ ಮೇಲಿಂದ, ಅದೂ ಗೈಡ್ ಕ್ಯಾಮೆರಾ (ಟೆಲಿಸ್ಕೋಪ್ ಗುರಿಯಿಂದ ಜಾರದ ಹಾಗೆ ನೋಡ್ಕೊಳ್ಳೋ ಎರಡನೇ ಕ್ಯಾಮೆರಾ, ಗೈಡರ್) ಇಲ್ದೆ, ಒಮೆಗಾ ಸೆಂಟಾರಿ ಅನ್ನೋ ನಕ್ಷತ್ರಗುಚ್ಛದ ಫೋಟೋ ಆಗೋ ಮಾತಲ್ಲ ಅಂತ ನಮ್ಮ ಆಕಾಶ ಫೋಟೋ ಗುಂಪಲ್ಲಿ ಮೂರ್ನಾಲ್ಕು ಜನ ಖಡಾಖಂಡಿತವಾಗಿ ಹೇಳಿದ್ರು. ಒಬ್ರಂತೂ "ಇನ್ನೊಂದು ಮೂವತ್ತೈದು ನಲವತ್ತು ಸಾವಿರ ಹಾಕಿ, ಇಲ್ಲಾಂದ್ರೆ ಚಂದ್ರನ ಫೋಟೋ ತೆಗೆದುಕೊಂಡು ಆರಾಮಾಗಿರಿ" ಅಂದ್ರು. ಈ ಮೇ ತಿಂಗಳಲ್ಲಿ ಬಂತು. ಚೆನ್ನಾಗೇ ಬಂತು. ಅದಕ್ಕೇ ಬರೀತಿದೀನಿ.

ಸಾಮಾನು ದೊಡ್ಡದೇನಲ್ಲ. ಆರಿಂಚಿನ ಎಫ್ 5 ನ್ಯೂಟೋನಿಯನ್ (ಕನ್ನಡಿ ಟೆಲಿಸ್ಕೋಪ್), ಅದನ್ನ ಹೊತ್ತು ತಿರುಗೋ ಇಕ್ಯೂ3 ಮೌಂಟ್, ಎರಡೂ ಸೆಕೆಂಡ್ ಹ್ಯಾಂಡು, ಸೇರಿ ಇಪ್ಪತ್ತೆಂಟು ಸಾವಿರ ಚಿಲ್ಲರೆ. ಮೌಂಟನ್ನ ಆಕಾಶದ ಜೊತೆ ತಿರುಗಿಸೋ ಆರ್‌ಎ ಮೋಟರ್ ಆರೂವರೆ ಸಾವಿರ ಇರ್ಬೇಕು. ಹಳೇ ಕ್ಯಾನನ್ 600ಡಿ ಬಾಡಿ ಹನ್ನೆರಡಕ್ಕೆ ಸಿಕ್ತು. ಕ್ಯಾಮೆರಾನ ಟೆಲಿಸ್ಕೋಪಿಗೆ ಜೋಡಿಸೋ ಟಿ-ರಿಂಗು, ಬ್ಯಾಟರಿ, ವೈರು ಅಂತ ಇನ್ನೊಂದೈದು. ಮನೇಲಿ ಹೇಳಿದ ಲೆಕ್ಕ ಇದರ ಅರ್ಧ.

ಮೊದಲ ಪೆಟ್ಟು ಫೋಕಸ್‌ದು. ಐಪೀಸಲ್ಲಿ ಚೆನ್ನಾಗಿ ಕಾಣೋದು, ಕ್ಯಾಮೆರಾ ಹಾಕಿದ್ರೆ ಫೋಕಸರ್ ಪೂರ್ತಿ ಒಳಗೆ ತಳ್ಳಿದ್ರೂ ನಕ್ಷತ್ರ ಉದ್ದಿನ ವಡೆ ಥರ, ನಡುವೆ ತೂತು ಬೇರೆ. ಬಾರ್ಲೋ (ಚಿತ್ರ ದೊಡ್ಡದು ಮಾಡೋ ಲೆನ್ಸ್) ಹಾಕಿದೆ, ಫೋಕಸ್ ಆಯ್ತು, ಆದ್ರೆ ಕ್ಲಸ್ಟರ್ ಫ್ರೇಮಲ್ಲಿ ಹಿಡಿಸ್ತಿರಲಿಲ್ಲ, ಬೆಳಕೂ ಸಾಲ್ತಿರಲಿಲ್ಲ. ಕೊನೆಗೆ ಉದ್ದ ಬೋಲ್ಟ್ ಹಾಕಿಸಿ ಮೇನ್ ಮಿರರನ್ನ ಸುಮಾರು ಒಂದೂವರೆ ಇಂಚು ಮುಂದಕ್ಕೆ ತಂದೆ, ಲೇತ್ ಅಂಗಡಿಯವರು ಇನ್ನೂರೈವತ್ತು ತಗೊಂಡ್ರು. ಹಾಗೆ ಮಾಡಿದ್ರೆ ಸೆಕೆಂಡರಿ, ಅಂದ್ರೆ ಎದುರಿನ ಚಿಕ್ಕ ಕನ್ನಡಿ, ಸಾಲದೆ ಮೂಲೆ ಸ್ವಲ್ಪ ಕತ್ತಲಾಗತ್ತೆ. ಫ್ಲಾಟ್ ಫ್ರೇಮ್ (ಒಂದೇ ಸಮ ಬೆಳಕಿನ ಫೋಟೋ) ತೆಗೆದು ಸರಿಮಾಡಿದ್ರೆ ಹೋಗತ್ತೆ, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಎರಡನೇದು ನಿಜವಾದ ತಲೆನೋವು, ಒಂದೂವರೆ ವರ್ಷ ತಿಂದಿದ್ದು ಇದೇ. ಈ ಮೌಂಟುಗಳನ್ನ ಮಾಡೋರು ಯೂರೋಪಿನವರನ್ನ ಮನಸಲ್ಲಿಟ್ಕೊಂಡು ಮಾಡ್ತಾರೋ ಏನೋ, ಮೌಂಟಿನ ಅಕ್ಷ ಊರಿನ ಅಕ್ಷಾಂಶದಷ್ಟು ಓರೆ ಇರ್ಬೇಕು, ಆದ್ರೆ ನಮ್ಮ ಹನ್ನೆರಡು ಡಿಗ್ರಿಗೆ ಇಳಿಯೋದೇ ಇಲ್ಲ. ನಂದು ಇಪ್ಪತ್ತರ ಹತ್ರ ನಿಂತುಬಿಡ್ತು, ಮೇಲಾಗಿ ಕೌಂಟರ್‌ವೇಟ್ ಬಂದು ಉತ್ತರದ ಕಾಲಿಗೇ ಬಡಿಯೋದು. ಒಂದು ರಾತ್ರಿ ಹಾಗೆ ಬಡಿದು ಮೋಟರ್ ಗೇರಿನ ಹಲ್ಲು ಹೋಗಿ ಎಂಟುನೂರು ರೂಪಾಯಿ ಮತ್ತೆ ದಂಡ. ಆಮೇಲೆ ಅಜಿಮತ್ ಗೂಟಕ್ಕೆ (ಮೌಂಟಿನ ದಿಕ್ಕು ಹಿಡಿಯೋ ಗೂಟ) ಬೇರೆ ಕಡೆ ತೂತು ಕೊರೆಸಿ, ಎರಡು ಕಾಲು ಉತ್ತರಕ್ಕೆ ಒಂದು ಕಾಲು ದಕ್ಷಿಣಕ್ಕೆ ಬರೋ ಹಾಗೆ ತಿರುಗಿಸಿ, ದಕ್ಷಿಣದ ಕಾಲಿನ ಕೆಳಗೆ ಒಂದು ಇಟ್ಟಿಗೆ, ಅದರ ಮೇಲೊಂದು ಪ್ಲೈವುಡ್ ತುಂಡು ಇಟ್ಟೆ. ಅಷ್ಟೇ ಕಣ್ರಿ! ಇಡೀ ಟ್ರೈಪಾಡ್ ಉತ್ತರಕ್ಕೆ ಎಂಟು ಡಿಗ್ರಿ ಬಾಗ್ತು. ಮುಗ್ಗರಿಸದ ಹಾಗೆ ನಡುವೆ ಒಂದು ಬಕೆಟ್ ಮರಳು ನೇತುಹಾಕಿದೀನಿ.

ಮೌಂಟನ್ನ ಗುರಿಯಿಡಬೇಕಾದ ಧ್ರುವ ನಕ್ಷತ್ರ ಅಂತೂ ಪಕ್ಕದ ಮನೆ ನೀರಿನ ಟ್ಯಾಂಕ್ ಹಿಂದೆ, ಜನ್ಮದಲ್ಲಿ ಕಾಣಲ್ಲ. ಹಾಗಾಗಿ ಬೇರೆ ನಕ್ಷತ್ರ ಎತ್ತ ಜಾರತ್ತೆ ಅಂತ ನೋಡಿ ಮೌಂಟ್ ಸರಿಮಾಡೋ ಡ್ರಿಫ್ಟ್ ಅಲೈನ್‌ಮೆಂಟೇ ಗತಿ. ಮೊದಮೊದಲು ಒಂದೂವರೆ ಗಂಟೆ ಹಿಡೀತಿತ್ತು, ಈಗ ಇಪ್ಪತ್ತು ನಿಮಿಷ. ಟ್ರೈಪಾಡ್ ಕಾಲಿನ ಜಾಗಕ್ಕೆ ತಾರಸೀಲಿ ನೇಲ್ ಪಾಲಿಶ್ ಗುರುತು ಹಾಕಿದೀನಿ, ಅದು ಅರ್ಧ ಗುಟ್ಟು. ಇನ್ನರ್ಧ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಒಮೆಗಾ ಹುಡುಕೋದು ಸುಲಭ, ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ ಅಲ್ಲಿಂದ ನೆಟ್ಟಗೆ ಕೆಳಗಿಳೀಬೇಕು, ಮೂವತ್ತಾರು ಡಿಗ್ರಿ ಆಸುಪಾಸು. ನಮ್ಮೂರಲ್ಲಿ ಅದು ಮೂವತ್ತು ಡಿಗ್ರಿ ಎತ್ತರಕ್ಕೆ ಏರತ್ತೆ, ಯೂರೋಪಿನ ಹೆಚ್ಚಿನವರಿಗೆ ದಿಗಂತದ ಮೇಲೇ ಬರಲ್ಲ. ಇದನ್ನ ನಕ್ಷತ್ರ ಅಲ್ಲ ಅಂತ ಹ್ಯಾಲಿ ಗುರುತಿಸಿದ್ದೂ 1677ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಹೋದಮೇಲೆ. ನಮಗೆ ಮನೆ ತಾರಸೀಲೇ ಸಿಗತ್ತೆ, ಆದ್ರೂ ಎಲ್ರೂ ಓರಾಯನ್ ಓರಾಯನ್ ಅಂತಾರೆ.

ಎಕ್ಸ್‌ಪೋಶರ್ ವಿಷಯದಲ್ಲಿ ನಾನು ಮಾಡಿದ ಪೆದ್ದುತನ ಅಂದ್ರೆ ಎಲ್ರ ಮಾತು ಕೇಳಿ ಎರಡು ನಿಮಿಷದ ಫ್ರೇಮಿಗೆ ಒದ್ದಾಡಿದ್ದು. ಆಕಾಶ ಕಿತ್ತಳೆ ಬಣ್ಣ, ನಕ್ಷತ್ರ ಎಲ್ಲ ಹುಣಸೇ ಬೀಜ. ಇದೇನು ನೆಬುಲಾ ಥರ ಮಸುಕು ಮೋಡ ಅಲ್ವಲ್ಲ, ನಕ್ಷತ್ರದ ಗುಂಪು, ನಗರದ ಬೆಳಕಲ್ಲೂ ಚುಕ್ಕಿ ಚುಕ್ಕಿನೇ. ಇಪ್ಪತ್ತು ಸೆಕೆಂಡಿಗೆ ಇಳಿದೆ, ಐಎಸ್‌ಒ 800. ಮೂರು ರಾತ್ರಿ ಸೇರಿ ಇನ್ನೂರ ನಲವತ್ತೋ ಐವತ್ತೋ ಫ್ರೇಮ್, ಅದರಲ್ಲಿ ನೂರೈವತ್ತು ಉಳೀತು, ಮಿಕ್ಕಿದ್ದು ವರ್ಮ್ ಗೇರಿನ ಓಲಾಟಕ್ಕೆ ಕಸದಬುಟ್ಟಿ. ಫೋಕಸ್‌ಗೆ ಬಾಹ್ಟಿನೋವ್ ಮಾಸ್ಕ್ (ಟ್ಯೂಬಿನ ಬಾಯಿಗೆ ಇಡೋ ಸೀಳುಸೀಳಾದ ಹಾಳೆ), ದಪ್ಪ ಲಗ್ನಪತ್ರಿಕೆ ಎರಡು ಅಂಟಿಸಿ ಕತ್ತರಿಸಿದ್ದು. ನಾಲ್ಕು ವರ್ಷದಿಂದ ಬಾಳಿಕೆ ಬಂದಿದೆ, ಆ ಮದುವೆಗೆ ನಾನು ಹೋಗಿರಲಿಲ್ಲ.

ನಡುವೆ ಬೇಡದ ಪ್ರಯೋಗಗಳೂ ಆದ್ವು. ಬೇಸಿಗೇಲಿ ಸೆನ್ಸರ್ ಕಾಯತ್ತೆ ಅಂತ ಕ್ಯಾಮೆರಾನ ಅರ್ಧ ಗಂಟೆ ಫ್ರಿಜ್ಜಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟು ತಂದೆ. ಹೊರಗೆ ತಂದ ಎರಡು ನಿಮಿಷಕ್ಕೆ ಗ್ಲಾಸೆಲ್ಲ ಬೆವರು, ಆ ರಾತ್ರಿ ಅಲ್ಲಿಗೇ ಮುಗೀತು. ಸಂಜೆ ತಾರಸಿಗೆ ನಾಲ್ಕು ಬಕೆಟ್ ನೀರು ಹೊಯ್ದದ್ದು ಮಾತ್ರ ಉಪಯೋಗಕ್ಕೆ ಬಂತು, ಕಾಂಕ್ರೀಟಿನ ಬಿಸಿ ಇಳಿದು ನಕ್ಷತ್ರ ನಡುಗೋದು ಕಣ್ಣಿಗೆ ಕಾಣೋ ಹಾಗೆ ಕಮ್ಮಿ ಆಯ್ತು. ನವೆಂಬರಲ್ಲಿ ಇನ್ನೊಂದು ನಕ್ಷತ್ರಗುಚ್ಛ 47 ಟುಕಾನೇಗೂ ಕೈ ಹಾಕಿದ್ದೆ, ಅದು ಇಲ್ಲಿ ಆರು ಡಿಗ್ರಿ ಕೂಡ ಏರಲ್ಲ, ನಂಜನಗೂಡಿನ ಕಡೆ ಧೂಳಲ್ಲಿ ಒಂದು ಕೆಂಪು ಮಸಿ ಸಿಕ್ತು. ಫೋಟೋ ಅಂತ ಕರೆಯೋಕಾಗಲ್ಲ, ಆದ್ರೆ ಡಿಲೀಟ್ ಮಾಡಿಲ್ಲ.

ಸ್ಟ್ಯಾಕಿಂಗ್, ಅಂದ್ರೆ ಫ್ರೇಮೆಲ್ಲ ಒಂದರ ಮೇಲೊಂದು ಸೇರಿಸೋದು, ಡೀಪ್ ಸ್ಕೈ ಸ್ಟ್ಯಾಕರ್ ಸಾಫ್ಟ್‌ವೇರಲ್ಲಿ, ಬಣ್ಣ ಸಿರಿಲ್ ಸಾಫ್ಟ್‌ವೇರಲ್ಲಿ. ನಡುಭಾಗ ಸುಣ್ಣದ ಉಂಡೆ ಆಗದೆ ಹಳದಿ ನಕ್ಷತ್ರ ಬಿಡಿಬಿಡಿಯಾಗಿ ಕಂಡಿದ್ದು ಹೇಗೆ ಅಂತ ಆ ಮೂರ್ನಾಲ್ಕು ಜನಾನೇ ಈಗ ಕೇಳ್ತಿದಾರೆ. ಐದು ಸೆಕೆಂಡಿನದೊಂದು ಬೇರೆ ಸ್ಟ್ಯಾಕ್ ಇದೆ, ಅಷ್ಟು ಹೇಳ್ತೀನಿ, ಎರಡನ್ನೂ ಸೇರಿಸೋ ಲೆಕ್ಕ ಹೇಳಲ್ಲ.

ಮುಂದಿನ ಗುರಿ ಧನು ರಾಶಿಯ ನಕ್ಷತ್ರಗುಚ್ಛ ಎಂ22. ಆದ್ರೆ ಮೋಡ ಶುರುವಾಗಿದೆ, ಟ್ಯೂಬಿಗೆ ಹಳೇ ಪಂಚೆ ಸುತ್ತಿ ಮಂಚದ ಕೆಳಗೆ ಇಟ್ಟಿದೀನಿ. ಇಟ್ಟಿಗೆ ಮಾತ್ರ ತಾರಸೀಲೇ ಇದೆ, ಯಾರೂ ಮುಟ್ಟಬಾರದು ಅಂತ ಮನೇಲಿ ಹೇಳಿಟ್ಟಿದೀನಿ.